ಹಿರಿಯರ ಕೈಯ ಕೆಲಸವನ್ನು ಕಿತ್ತುಕೊಳ್ಳದಿರೋಣ

ಧ್ಯಾನಕ್ಕೆ: ಸಮುವೇಲನ ಎರಡನೆಯ ಗ್ರಂಥ, 19ನೇ ಅಧ್ಯಾಯ, ಸಂತ ಯೊವಾನ್ನರ ಶುಭಸಂದೇಶ, 19ನೇ ಅಧ್ಯಾಯ



ದೇವಾಲಯಕ್ಕೆ ಬರಲಾಗದ ವೃದ್ಧರಿಗೂ ರೋಗಿಗಳಿಗೂ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ಮನೆಗೆ ಕೊಂಡೊಯ್ಯುವ ರೂಢಿ ನಮ್ಮ ಧರ್ಮಕೇಂದ್ರಗಳಲ್ಲಿದೆ. ಹೊಸಕೋಟೆಯ ಕಡೆ ಹೀಗೆ ಮನೆಯಿಂದ ಮನೆಗೆ ಹೋಗುವಾಗ ಒಂದು ವಿಷಯ ನನ್ನ ಗಮನಕ್ಕೆ ಬಂದಿದೆ. ಕೆಲವು ಮನೆಗಳಲ್ಲಿ ಅಜ್ಜಿ ಒಗೆದ ಸೀರೆಯುಟ್ಟು, ಮೇಣದ ಬತ್ತಿ ಹಚ್ಚಿಟ್ಟು, ಜಪಸರ ಹಿಡಿದು ಬಾಗಿಲ ಬಳಿಯೇ ಕಾಯುತ್ತಿರುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಒಳಕೋಣೆಯ ಮಂಚದ ಮೇಲೆ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ಮೊದಮೊದಲು ಇದು ಕಾಯಿಲೆಯ ಹೆಚ್ಚುಕಡಿಮೆ ಎಂದು ತಿಳಿದಿದ್ದೆ. ಹಲವು ವರ್ಷ ನೋಡಿದ ಮೇಲೆ ಹಾಗಲ್ಲವೆಂದು ತೋರುತ್ತಿದೆ. ಬಾಗಿಲಲ್ಲಿ ಕಾಯುವವರಿಗೂ ಸಕ್ಕರೆ ಕಾಯಿಲೆ ಇದೆ, ಮಂಡಿನೋವು ಇದೆ. ಆದರೆ ಅವರಿಗೆ ಬೆಳಿಗ್ಗೆ ಎದ್ದರೆ ಮಾಡಲು ಏನಾದರೂ ಒಂದಿದೆ. ಒಳಗೆ ಮಲಗಿದವರಿಗೆ ಅದಿಲ್ಲ.

ಒಂದು ಮನೆಯ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ನಮ್ಮ ಕಡೆ ಈಗ ಎಲ್ಲೆಲ್ಲೂ ನಡೆಯುತ್ತಿರುವಂತೆ ಹೊಲದ ಒಂದು ಭಾಗ ಬಡಾವಣೆಗೆ ಹೋಯಿತು. ಮಗ ಒಳ್ಳೆಯವನು, ದುಡ್ಡು ಕುಡಿತಕ್ಕೆ ಹಾಕಲಿಲ್ಲ, ಮನೆ ಕಟ್ಟಿದ. ಎಪ್ಪತ್ತು ದಾಟಿದ ತಾಯಿಯನ್ನು ಹಳ್ಳಿಯ ಹೆಂಚಿನ ಮನೆಯಿಂದ ಕರೆತಂದು ಹೊಸ ಮನೆಯಲ್ಲಿ ಅವರಿಗೇ ಬೇರೆ ಕೋಣೆ ಕೊಟ್ಟ. ಎರಡು ಹಸುಗಳಿದ್ದವು, ಮಾರಿದ. "ಇಷ್ಟು ದಿನ ದುಡಿದಿದ್ದು ಸಾಕಮ್ಮ, ಇನ್ಮೇಲೆ ಕೂತ್ಕೊಂಡು ಊಟ ಮಾಡು" ಎಂದ. ನುಣುಪಾದ ಟೈಲ್ಸ್ ನೆಲ. ಜಾರೀತೆಂದು ಅಂಗಳಕ್ಕೆ ಹೋಗಬೇಡ ಎಂದರು. ಗ್ಯಾಸಿನ ಒಲೆ, ಸುಟ್ಟುಕೊಂಡಾರೆಂದು ಅಡುಗೆಮನೆಗೆ ಬರಬೇಡ ಎಂದರು. ಎಲ್ಲವೂ ಪ್ರೀತಿಯಿಂದಲೇ. ಒಂದು ವರ್ಷ ಕಳೆಯುವಷ್ಟರಲ್ಲಿ ಯಾರಾದರೂ ಕೈ ಹಿಡಿದು ಎಬ್ಬಿಸದೆ ಆ ತಾಯಿ ಕುರ್ಚಿಯಿಂದ ಏಳಲಾರದ ಸ್ಥಿತಿಗೆ ಬಂದರು. ಆಸ್ಪತ್ರೆಗೆ ತೋರಿಸಿದರು, ರಕ್ತ, ಎಕ್ಸ್‌ರೇ ಎಲ್ಲ ಆಯಿತು. ಹೇಳಿಕೊಳ್ಳುವಂಥ ಕಾಯಿಲೆ ಸಿಗಲಿಲ್ಲ. "ಕಾಲಿಗೆ ಕೆಲಸ ಇಲ್ಲ, ಅದಕ್ಕೆ ಕಾಲು ಸೋತಿದೆ" ಎಂದರು ವೈದ್ಯರು. ಮಗ ನನ್ನ ಬಳಿ ಕಣ್ಣೀರು ಹಾಕಿದ: "ಫಾದರ್, ನಾನೇನು ಕಡಿಮೆ ಮಾಡ್ದೆ?" ತಾಯಿ ನನಗೆ ಹೇಳಿದ್ದು ಬೇರೆ: "ಊಟಕ್ಕೆ ಬಟ್ಟೆಗೆ ಏನೂ ಕಮ್ಮಿ ಇಲ್ಲ ಸ್ವಾಮಿ. ಆದ್ರೆ ನನ್ನಿಂದ ಯಾರಿಗೂ ಏನೂ ಆಗ್ಬೇಕಾಗಿಲ್ಲ."

ಈ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೆ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ವಯಸ್ಸಾದ ಒಬ್ಬ ತಾತ ದಿನಕ್ಕೆ ಮೂರು ಸಲ ಬಂದು ತ್ರಿಕಾಲ ಪ್ರಾರ್ಥನೆಯ ಗಂಟೆ ಹೊಡೆಯುತ್ತಿದ್ದರು. ಅದು ಅವರ ತಂದೆಯ ಕಾಲದಿಂದ ಬಂದ ಸೇವೆ. ಮಳೆಯಲ್ಲಿ, ಚಳಿಯಲ್ಲಿ ಅವರು ನಡೆದು ಬರುವುದನ್ನು ನೋಡಲಾಗದೆ, ವಿದ್ಯುತ್ತಿನಿಂದ ತಾನಾಗಿ ಬಾರಿಸುವ ಗಂಟೆ ಹಾಕಿಸಿದೆ. "ತಾತ, ಇನ್ನು ನಿಮಗೆ ವಿಶ್ರಾಂತಿ" ಎಂದು ಪೂಜೆಯ ಕೊನೆಯಲ್ಲಿ ಶಾಲು ಹೊದಿಸಿ ಹಾರವನ್ನೂ ಹಾಕಿದೆ. ಜನ ಚಪ್ಪಾಳೆ ತಟ್ಟಿದರು. ತಾತ ಭಾನುವಾರದ ಪೂಜೆಗೆ ಬರುತ್ತಿದ್ದರು, ಆದರೆ ವಾರದ ದಿನಗಳಲ್ಲಿ ಬರುವುದು ನಿಂತುಹೋಯಿತು. ಕೆಲವು ತಿಂಗಳಲ್ಲಿ ಕೋಲು ಬಂತು, ಆಮೇಲೆ ಮಂಚ ಬಂತು. ವಯಸ್ಸಾಗಿತ್ತು, ನಿಜ, ಗಂಟೆ ಇದ್ದಿದ್ದರೂ ಮಂಚ ಬರುತ್ತಿತ್ತೇನೋ. ಆದರೆ ದಿನಕ್ಕೆ ಮೂರು ಸಲದ ಆ ನಡಿಗೆಯನ್ನು, ಊರಿಗೆಲ್ಲ ಬೇಕಾದ ಆ ಕೆಲಸವನ್ನು ಅವರನ್ನು ಒಂದು ಮಾತೂ ಕೇಳದೆ ಕಿತ್ತುಕೊಂಡವನು ನಾನೇ.

ಪವಿತ್ರ ಗ್ರಂಥದಲ್ಲಿ ಇದೇ ಸನ್ನಿವೇಶ ಒಂದು ಕಡೆ ಬರುತ್ತದೆ. ಪೂಜೆಯಲ್ಲಿ ಹೆಚ್ಚಾಗಿ ಕೇಳದ ಭಾಗವಾದುದರಿಂದ ಅನೇಕರಿಗೆ ಪರಿಚಯವಿರಲಾರದು. ದಾವೀದ ಅರಸನು ಮಗ ಅಬ್ಷಾಲೋಮನ ದಂಗೆಗೆ ಹೆದರಿ ಜೆರುಸಲೇಮಿನಿಂದ ಓಡಿ ಜೋರ್ಡನ್ ಹೊಳೆಯಾಚೆ ಸೇರಿದ್ದಾಗ, ಗಿಲ್ಯಾದಿನ ಬರ್ಜಿಲ್ಲೈ ಎಂಬ ಸ್ಥಿತಿವಂತ ಮುದುಕನು ಇನ್ನಿಬ್ಬರ ಜೊತೆಗೂಡಿ ಹಾಸಿಗೆ, ಪಾತ್ರೆ, ಗೋಧಿ, ಹುರಿದ ಕಾಳು, ಅವರೆ, ಜೇನು, ಬೆಣ್ಣೆ ಇವನ್ನೆಲ್ಲ ತಂದು ಅರಸನನ್ನೂ ಅವನ ಜನರನ್ನೂ ಸಲಹಿದನು. ದಂಗೆ ಅಡಗಿತು. ಅರಸನು ರಾಜಧಾನಿಗೆ ಹಿಂದಿರುಗುವಾಗ ಎಂಬತ್ತು ವರ್ಷದ ಆ ಮುದುಕ ಅವನನ್ನು ಬೀಳ್ಕೊಡಲು ಹೊಳೆಯವರೆಗೆ ಬಂದನು. ದಾವೀದನಿಗೆ ಉಪಕಾರ ತೀರಿಸುವ ಆಸೆ. ನನ್ನ ಜೊತೆ ಜೆರುಸಲೇಮಿಗೆ ಬಾ, ಅಲ್ಲಿ ನಾನೇ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದನು. ಅರಮನೆಯ ಊಟ, ಆಳುಕಾಳು, ಸಂಗೀತಗಾರರು, ಯಾವುದಕ್ಕೂ ಕೊರತೆಯಿಲ್ಲ.

ಬರ್ಜಿಲ್ಲೈ ಒಪ್ಪಲಿಲ್ಲ. ಊಟದ ರುಚಿ ನನಗೀಗ ತಿಳಿಯದು, ಹಾಡುಗಾರರ ದನಿ ಕಿವಿಗೆ ಬೀಳದು, ಅರಸನಿಗೆ ನಾನೇಕೆ ಹೊರೆಯಾಗಲಿ ಎಂದನು. ತಂದೆತಾಯಿಯ ಸಮಾಧಿಯಿರುವ ನನ್ನ ಊರಿನಲ್ಲೇ ಸಾಯಲು ಬಿಡು ಎಂದು ಕೇಳಿಕೊಂಡನು. ಆದರೂ ಅರಸನನ್ನು ಒಡನೆ ಬಿಟ್ಟುಕೊಡಲಿಲ್ಲ. ಹೊಳೆ ದಾಟಿ ಸ್ವಲ್ಪ ದೂರ ಜೊತೆಗೆ ಬರುತ್ತೇನೆ ಎಂದನು. ಅಂದರೆ ತನ್ನಿಂದ ಎಷ್ಟಾಗುತ್ತದೆ, ಎಷ್ಟಾಗುವುದಿಲ್ಲ ಎಂಬ ಲೆಕ್ಕ ಅವನಿಗೇ ಗೊತ್ತಿತ್ತು. ತನ್ನ ಬದಲಿಗೆ ಕಿಮ್ಹಾಮನೆಂಬ ಯುವಕನನ್ನು ಕಳುಹಿಸಿದನು. ಇಲ್ಲಿ ನಾನು ಮೆಚ್ಚುವುದು ದಾವೀದನನ್ನು. ಅವನು ಅರಸ, ಬಲವಂತ ಮಾಡಬಹುದಿತ್ತು; ಉಪಕಾರದ ಹೆಸರಿನಲ್ಲಿ ನಡೆಯುವ ಬಲವಂತವನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಅವನು ಮುದುಕನಿಗೆ ಮುತ್ತಿಟ್ಟು, ಆಶೀರ್ವದಿಸಿ, ಊರಿಗೆ ಹೋಗಗೊಟ್ಟನು.

ನಮ್ಮ ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಕಡೆಯ ಎಷ್ಟು ಮನೆಗಳಲ್ಲಿ ಇಂದು ಈ ಮಾತುಕತೆ ನಡೆಯಬೇಕಾಗಿದೆ! ಮಕ್ಕಳಿಗೆ ವೈಟ್‌ಫೀಲ್ಡಿನಲ್ಲೋ ಕೃಷ್ಣರಾಜಪುರದಲ್ಲೋ ಕೆಲಸ, ಅಲ್ಲೇ ಫ್ಲಾಟು. ತಂದೆತಾಯಿಯನ್ನು ಹಳ್ಳಿಯಲ್ಲಿ ಬಿಟ್ಟರೆ ಜನ ಏನೆನ್ನುತ್ತಾರೋ ಎಂದು ಐದನೇ ಮಹಡಿಗೆ ಕರೆದೊಯ್ಯುತ್ತಾರೆ. ಊರಿನಲ್ಲಿ ಅಶ್ವತ್ಥಕಟ್ಟೆಯವರೆಗೆ, ಅಂಗಡಿಯವರೆಗೆ, ದೇವಾಲಯದವರೆಗೆ ನಡೆಯುತ್ತಿದ್ದ ಅಪ್ಪ ಅಲ್ಲಿ ಲಿಫ್ಟಿನ ಗುಂಡಿಗೆ ಹೆದರಿ ಒಳಗೇ ಕೂರುತ್ತಾರೆ. ಕರೆದೊಯ್ಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದು ಅನಿವಾರ್ಯ. ಕೇಳದೆ ಕರೆದೊಯ್ಯುವುದು, ಕರೆದೊಯ್ದ ಮೇಲೆ ಕೆಲಸ ಕೊಡದಿರುವುದು ತಪ್ಪು.

ದೇವರ ನಾಲ್ಕನೆಯ ಕಟ್ಟಳೆ ತಂದೆತಾಯಿಯನ್ನು ಗೌರವಿಸಬೇಕೆನ್ನುತ್ತದೆ. ನಾವು ಅದನ್ನು ಸಾಮಾನ್ಯವಾಗಿ 'ಸಾಕಬೇಕು' ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಸಾಕುವುದೂ ಅದರೊಳಗೆ ಬರುತ್ತದೆ. ದೇವರಿಗೆ ಮುಡಿಪು ಎಂಬ ನೆಪ ಹೇಳಿ ತಂದೆತಾಯಿಗೆ ಕೊಡಬೇಕಾದ್ದನ್ನು ಕೊಡದವರನ್ನು ಯೇಸುಸ್ವಾಮಿ ಖಂಡಿಸಿದ್ದನ್ನು ಸಂತ ಮಾರ್ಕರು 7ನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಆದರೆ ಮಹಾಪಂಡಿತರಾದ ಸಂತ ತೋಮಸ್ ಅಕ್ವಿನಾಸರು ಇಲ್ಲೊಂದು ಸೂಕ್ಷ್ಮವನ್ನು ತೋರಿಸುತ್ತಾರೆ. ತಂದೆಗೆ ತಂದೆಯೆಂಬ ಕಾರಣಕ್ಕೇ ಯಾವಾಗಲೂ ಸಲ್ಲಬೇಕಾದ್ದು ಗೌರವ ಮತ್ತು ಸೇವೆ. ಕಾಯಿಲೆ ಬಿದ್ದಾಗ ಹೋಗಿ ನೋಡುವುದು, ಬಡತನ ಬಂದಾಗ ಪೋಷಿಸುವುದು ಸಂದರ್ಭಕ್ಕೆ ತಕ್ಕಂತೆ ಸಲ್ಲಬೇಕಾದ್ದು. ಗೌರವ ಮೊದಲು, ಅನ್ನ ಆಮೇಲೆ ಎಂದಲ್ಲ. ಗೌರವವಿಲ್ಲದ ಅನ್ನದಿಂದ ಕಟ್ಟಳೆ ನೆರವೇರುವುದಿಲ್ಲ ಎಂದರ್ಥ. ಹಸುವನ್ನೂ ನಾವು ಸಾಕುತ್ತೇವೆ.

ಇನ್ನೊಂದು ತತ್ತ್ವವನ್ನು ಗುರುಮಠದಲ್ಲಿ ಓದಿದ್ದೆ. ಅದು ಮನೆಗೂ ಅನ್ವಯಿಸುತ್ತದೆಂದು ಆಗ ಹೊಳೆದಿರಲಿಲ್ಲ. ಜಗದ್ಗುರು ಹನ್ನೊಂದನೇ ಪಿಯುಸ್‌ರವರು 1931ರಲ್ಲಿ ಹೊರಡಿಸಿದ ಸಾಮಾಜಿಕ ವಿಶ್ವಪತ್ರದಲ್ಲಿ, ಒಬ್ಬ ವ್ಯಕ್ತಿ ತನ್ನ ಸ್ವಂತ ಶಕ್ತಿಯಿಂದ ಮಾಡಬಲ್ಲದ್ದನ್ನು ಅವನಿಂದ ಕಸಿದು ಸಮಾಜಕ್ಕೆ ವಹಿಸುವುದು ಅನ್ಯಾಯವೆಂದು ಬೋಧಿಸಿದರು. ದೊಡ್ಡದು ಚಿಕ್ಕದಕ್ಕೆ ನೆರವಾಗಬೇಕು, ಅದನ್ನು ನುಂಗಬಾರದು. ಇದನ್ನು ನಾವು ಸರ್ಕಾರ, ಪಂಚಾಯಿತಿಗಳ ವಿಷಯದಲ್ಲಿ ಹೇಳುತ್ತೇವೆ. ಆದರೆ ಅಮ್ಮನೇ ಗುಂಡಿ ಹಾಕಿಕೊಳ್ಳಬಲ್ಲ ರವಿಕೆಗೆ ತಡವಾಯಿತೆಂದು ನಾವು ಗುಂಡಿ ಹಾಕಿದರೆ ಅದೂ ಇದೇ ಅನ್ಯಾಯದ ಚಿಕ್ಕ ರೂಪ. ಹತ್ತು ನಿಮಿಷ ಹಿಡಿಯಲಿ, ಅವರೇ ಹಾಕಿಕೊಳ್ಳಲಿ. ಅವರಿಂದಾಗದ ಒಂದು ಗುಂಡಿಗೆ ಮಾತ್ರ ನಮ್ಮ ಕೈ ಸಾಕು.

ಶಿಲುಬೆಯ ಮೇಲಿಂದ ಯೇಸುಸ್ವಾಮಿ ತಮ್ಮ ತಾಯಿಯ ವ್ಯವಸ್ಥೆ ಮಾಡಿದ್ದನ್ನು ನಾವೆಲ್ಲ ಬಲ್ಲೆವು. ಆದರೆ ಮಾತಿನ ಕ್ರಮವನ್ನು ಗಮನಿಸಿದ್ದೀರಾ? ಶಿಷ್ಯನಿಗೆ ತಾಯಿಯನ್ನು ಒಪ್ಪಿಸುವ ಮೊದಲು ತಾಯಿಗೆ ಒಬ್ಬ ಮಗನನ್ನು ಒಪ್ಪಿಸಿದರು. ಮಾತೆ ಮರಿಯಮ್ಮನವರು ಬರೀ ನೋಡಿಕೊಳ್ಳಲ್ಪಡುವವರಾಗಿ ಆ ಮನೆಗೆ ಹೋಗಲಿಲ್ಲ. ತಾಯಿಯಾಗಿ, ಹೊಣೆ ಹೊತ್ತವರಾಗಿ ಹೋದರು. ಪ್ರೇಷಿತರ ಕಾರ್ಯಕಲಾಪಗಳ ಮೊದಲನೇ ಅಧ್ಯಾಯದಲ್ಲಿ ಅವರು ಶಿಷ್ಯರ ನಡುವೆ ಪ್ರಾರ್ಥಿಸುತ್ತಿರುವುದನ್ನು ಕಾಣುತ್ತೇವೆ.

ಈಗ ಮನೆಯ ವಿಷಯಕ್ಕೆ ಬರೋಣ. ನಾನು ವೈದ್ಯನಲ್ಲ. ಆದರೂ ವೈದ್ಯರಿಂದಲೂ ದಾದಿಯರಾದ ಕನ್ಯಾಸ್ತ್ರೀಯರಿಂದಲೂ ಕೇಳಿ ತಿಳಿದ ಕೆಲವನ್ನು ಹೇಳಲೇಬೇಕು.

ಎಲ್ಲಕ್ಕಿಂತ ಮೊದಲು ಕಾಲು. ವಯಸ್ಸಾದಂತೆ ಮಾಂಸಖಂಡ ತಾನಾಗಿ ಕರಗುತ್ತದೆ. ಕೂತಲ್ಲೇ ಕೂತರೆ ಇನ್ನೂ ಬೇಗ ಕರಗುತ್ತದೆ. ಜ್ವರ ಬಂದು ಒಂದು ವಾರ ಮಲಗಿದರೆ ಯುವಕ ಎರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾನೆ; ಎಂಬತ್ತರ ತಾತ ಕಳೆದುಕೊಂಡ ಬಲವನ್ನು ಮತ್ತೆ ಪಡೆಯಲು ತಿಂಗಳುಗಳೇ ಬೇಕು, ಕೆಲವರು ಪಡೆಯುವುದೇ ಇಲ್ಲ. ಆದ್ದರಿಂದ ಜ್ವರ ಇಳಿದ ಕೂಡಲೇ, ವೈದ್ಯರು ಬೇಡವೆನ್ನದಿದ್ದರೆ, ಎಬ್ಬಿಸಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಅರವತ್ತೈದು ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ದುಡಿಮೆ ಅಥವಾ ನಡಿಗೆ ಬೇಕೆಂದಿದೆ. ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲವನ್ನು ಕಾಯುವ ಚಟುವಟಿಕೆ ಬೇಕೆಂದೂ ಇದೆ. ಅಷ್ಟು ಆಗದವರು ಆದಷ್ಟು ಮಾಡಿದರೂ ಲಾಭವೇ. ಇದಕ್ಕೆ ಯಂತ್ರ ಬೇಡ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಟ್ಟು, ಅದರಿಂದ ಎದ್ದು ನಿಂತು ಮತ್ತೆ ಕೂರುವುದನ್ನು ಊಟಕ್ಕೆ ಮುಂಚೆ ಐದೈದು ಸಲ ಮಾಡಿದರೆ ತೊಡೆಗೆ ಬಲ ಬರುತ್ತದೆ. ಜಪಸರದ ಒಂದೊಂದು ರಹಸ್ಯ ಮುಗಿದಾಗ ಒಮ್ಮೆ ಎದ್ದು ಕೂರುವ ಒಬ್ಬ ಅಜ್ಜಿಯನ್ನು ನಾನು ಬಲ್ಲೆ. ಮಾತೆಯವರು ಬೇಸರ ಮಾಡಿಕೊಳ್ಳಲಾರರು.

ನೆರೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ತೊಂಬತ್ತೆರಡು ವರ್ಷ. ಇಳಿವಯಸ್ಸಿನಲ್ಲೂ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಇಸ್ಪೀಟಾಡಿ ಬರುತ್ತಿದ್ದುದು ಅವರ ರೂಢಿಯಾಗಿತ್ತು. ಇಸ್ಪೀಟು ನಮ್ಮ ಧರ್ಮಕೇಂದ್ರಗಳಲ್ಲಿ ಬೇಡ; ಆದರೆ ಹೋಗಲು ಒಂದು ಜಾಗ, ಅಲ್ಲಿ ಕಾಯುವ ನಾಲ್ಕು ಜನ ಇದ್ದರೆ ಕಾಲು ತಾನಾಗಿ ನಡೆಯುತ್ತದೆ.

ಎರಡನೆಯದು ಬಚ್ಚಲು. ಬೀಳುವರೆಂಬ ಭಯದಿಂದ ಎಲ್ಲವನ್ನೂ ನಿಲ್ಲಿಸುತ್ತೇವೆ, ಆದರೆ ಬೀಳುವ ಜಾಗವನ್ನು ಸರಿಮಾಡುವುದಿಲ್ಲ. ಸೊಂಟದ ಮೂಳೆ ಮುರಿದರೆ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಆದ್ದರಿಂದ ಭಯ ಸುಳ್ಳಲ್ಲ. ಮಾಡಬೇಕಾದ್ದು ಇಷ್ಟು: ಬಚ್ಚಲ ಗೋಡೆಗೆ, ಕಕ್ಕಸಿನ ಪಕ್ಕಕ್ಕೆ ಹಿಡಿದುಕೊಳ್ಳಲು ಗಟ್ಟಿಯಾದ ಸರಳು ಹಾಕಿಸಿ. ಟವೆಲ್ ಹಾಕುವ ಸರಳಲ್ಲ, ಅದು ಭಾರಕ್ಕೆ ಕಿತ್ತುಬರುತ್ತದೆ. ಕುಕ್ಕರಗಾಲಲ್ಲಿ ಕೂತು ಏಳಲಾಗದವರಿಗೆ ಎತ್ತರದ ಕಮೋಡು ಅಥವಾ ಕಮೋಡಿನ ಕುರ್ಚಿ. ನೆಲದ ಮೇಲೆ ಸೋಪಿನ ನೀರು ನಿಲ್ಲದಂತೆ ನೋಡಿ. ಸವೆದ ಹವಾಯಿ ಚಪ್ಪಲಿ ಎಸೆದು ಹಿಮ್ಮಡಿಗೆ ಪಟ್ಟಿಯಿರುವುದನ್ನು ಕೊಡಿಸಿ. ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ರಾತ್ರಿ ಎದ್ದ ಕೂಡಲೇ ನಿಲ್ಲದೆ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಏಳಬೇಕು. ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ತಲೆಸುತ್ತು ಪದೇ ಪದೇ ಬಂದರೆ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರಿಗೆ ತೋರಿಸಿ. ಮೂರು ಕಡೆ ಮೂರು ವೈದ್ಯರು ಕೊಟ್ಟದ್ದನ್ನೆಲ್ಲ ಒಟ್ಟಿಗೆ ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಮೂಳೆಗೆ ಅದು ಬೇಕು. ಆದರೆ ಮುದ್ದೆಯ ಜೊತೆ ತಿಳಿಸಾರು ಮಾತ್ರ ಸಾಲದು. ಹುರುಳಿ, ಅವರೆ, ಹೆಸರುಕಾಳು, ಮೊಟ್ಟೆ, ಹಾಲು ಇವುಗಳಲ್ಲಿ ಏನಾದರೂ ದಿನವೂ ಇರಲಿ. ಹಲ್ಲಿಲ್ಲವೆಂದು ಬರೀ ಗಂಜಿ ಕೊಟ್ಟು ಮಾಂಸಖಂಡವನ್ನು ಕರಗಿಸಬೇಡಿ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಆದ್ದರಿಂದ ಕೇಳದಿದ್ದರೂ ನೀರು ಕೈಗೆಟುಕುವಂತಿರಲಿ. ಕಣ್ಣಿಗೆ ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಿ. ಈ ವಯಸ್ಸಿನಲ್ಲಿ ಕಣ್ಣು ಯಾಕೆ ಎನ್ನಬೇಡಿ. ಕಣ್ಣು ಕಂಡರೆ ಬೀಳುವುದು ಕಡಿಮೆ, ಪ್ರಾರ್ಥನೆ ಪುಸ್ತಕ ಓದುವುದು ಸಾಧ್ಯ.

ಮರೆವಿನ ಬಗ್ಗೆ ಒಂದು ಮಾತು. ಹೆಸರು ಮರೆಯುವುದು ವಯಸ್ಸಿನ ಗುಣ. ಮನೆಗೆ ಬರುವ ದಾರಿ ಮರೆಯುವುದು, ಉಂಡದ್ದನ್ನು ಮರೆತು ಮತ್ತೆ ಕೇಳುವುದು, ಒಲೆ ಆರಿಸದೆ ಹೋಗುವುದು ಕಾಯಿಲೆಯ ಸೂಚನೆ ಇರಬಹುದು. "ವಯಸ್ಸಾಯ್ತಲ್ಲ" ಎಂದು ಕೈಬಿಡದೆ ವೈದ್ಯರಿಗೆ ತೋರಿಸಿ. ಅಂಥವರಿಗೆ ಒಲೆ ಬಿಟ್ಟುಕೊಡಲಾಗದು, ನಿಜ; ಆದರೆ ಬಟ್ಟೆ ಮಡಿಸುವುದು, ಹೂ ಕಟ್ಟುವುದು, ಹಳೆಯ ಹಾಡು ಹಾಡುವುದು ಬಹುಕಾಲ ಉಳಿಯುತ್ತವೆ.

ಇನ್ನು ದುಡ್ಡು. ಬಡ ವಿಧವೆ ಎರಡು ಕಾಸು ಹಾಕಿದ್ದನ್ನು ಯೇಸುಸ್ವಾಮಿ ಹೊಗಳಿದರು. ಆ ಎರಡು ಕಾಸು ಅವಳ ಕೈಯಲ್ಲಿತ್ತು! ನಮ್ಮ ಎಷ್ಟೋ ಅಜ್ಜಿಯರು ಕಾಣಿಕೆಗೆ ಹತ್ತು ರೂಪಾಯಿ ಬೇಕಾದರೂ ಮಗನ ಮುಖ ನೋಡಬೇಕು. ಸಂಧ್ಯಾ ಸುರಕ್ಷಾ ಪಿಂಚಣಿಯೋ ವಿಧವಾ ವೇತನವೋ ಬರುತ್ತಿದ್ದರೆ ಪಾಸ್‌ಬುಕ್ಕು ಅವರ ಹತ್ತಿರವೇ ಇರಲಿ. ಬ್ಯಾಂಕಿಗೆ ನೀವು ಕರೆದೊಯ್ಯಿರಿ, ಹಣ ಅವರು ಎಣಿಸಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಗಟ್ಟಿಮುಟ್ಟಾದ ಅಜ್ಜಿಯರು ಇಬ್ಬರು ಮೂವರು ಸೇರಿ ಶಿವಾಜಿನಗರದ ಮಾತೆಯ ಬೆಸಿಲಿಕಾಕ್ಕೆ ಹೋಗಿ ಬರುತ್ತೇವೆಂದರೆ "ಕಳೆದುಹೋಗ್ತೀರ" ಎಂದು ತಡೆಯಬೇಡಿ. ಜೇಬಿಗೊಂದು ಫೋನ್ ನಂಬರಿನ ಚೀಟಿ ಹಾಕಿ ಕಳುಹಿಸಿ.

ಜಮೀನಿನ ವಿಷಯ ಪೂಜಾರಿ ಮಾತಾಡಬಾರದೆಂದು ಕೆಲವರು ಹೇಳುತ್ತಾರೆ. ಹೊಸಕೋಟೆಯಲ್ಲಿ ಗುಂಟೆಯ ಬೆಲೆ ಏರಿದಂತೆಲ್ಲ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ತೋರುವ ಪ್ರೀತಿಯನ್ನು ನೋಡಿದ ಮೇಲೆ ಸುಮ್ಮನಿರಲಾಗದು. ತಾವು ಬದುಕಿರುವಾಗಲೇ ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಟ್ಟು ಆಮೇಲೆ ಅವರ ಕೈ ನೋಡುವುದಕ್ಕಿಂತ, ಮಕ್ಕಳೇ ತಮ್ಮ ಕೈ ನೋಡುವಂತಿರುವುದು ಲೇಸೆಂದು ಸಿರಾಕನ ಗ್ರಂಥವು 33ನೇ ಅಧ್ಯಾಯದಲ್ಲಿ ಎಚ್ಚರಿಸುತ್ತದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಪ್ರಕಾರ, ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿಯರು ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದುಪಡಿಸುವಂತೆಯೂ ಕೇಳಬಹುದು. ಆದರೆ ಆ ಷರತ್ತು ಪತ್ರದಲ್ಲೇ ಸ್ಪಷ್ಟವಾಗಿರುವುದು ಕ್ಷೇಮ. ತೊಂದರೆಯಲ್ಲಿರುವ ಹಿರಿಯರಿಗೆ 14567 ಎಂಬ ಉಚಿತ ಸಹಾಯವಾಣಿ ಇದೆ.

ಹೀಗೆಲ್ಲ ಬರೆಯುವಾಗ ಸೊಸೆಯಂದಿರ ಮುಖ ನನ್ನ ಕಣ್ಣಮುಂದೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸಿನ ವ್ಯಾನು ಬರುತ್ತದೆ; ಅಷ್ಟರೊಳಗೆ ಅಡುಗೆ, ಮಕ್ಕಳು, ಅತ್ತೆಯ ಸ್ನಾನ. "ಅತ್ತೆನೇ ತರಕಾರಿ ಹೆಚ್ಚಲಿ ಅಂದ್ರೆ ನಂಗೆ ಹೊತ್ತಾಗುತ್ತೆ ಫಾದರ್, ನಾನೇ ಹೆಚ್ಚೋದು ಸುಲಭ" ಎಂದು ಒಬ್ಬಾಕೆ ಹೇಳಿದಳು. ಆಕೆ ಹೇಳಿದ್ದು ಸತ್ಯ. ಹಿರಿಯರಿಂದ ಕೆಲಸ ಮಾಡಿಸುವುದು ಅವರ ಕೆಲಸವನ್ನು ತಾನೇ ಮಾಡುವುದಕ್ಕಿಂತ ಕಷ್ಟ. ಅದಕ್ಕೇ ಈ ಹೊಣೆ ಸೊಸೆಯದೊಂದೇ ಅಲ್ಲ. ಹೆತ್ತ ಮಗ ತಂದೆಯನ್ನು ಸಂಜೆ ನಡೆಸಲಿ. ದೂರದಲ್ಲಿರುವ ಮಗಳು ತಿಂಗಳಿಗೆ ಎರಡು ದಿನ ಬಂದು ಅತ್ತಿಗೆಯನ್ನು ತವರಿಗೆ ಕಳುಹಿಸಲಿ. ನಾಲ್ಕನೆಯ ಕಟ್ಟಳೆಯನ್ನು ದೇವರು ಸೊಸೆಯರಿಗೆ ಮಾತ್ರ ಕೊಡಲಿಲ್ಲ.

ಹಿರಿಯರಿಗೂ ಒಂದು ಮಾತು. ವಯಸ್ಸಾದಾಗ ಇನ್ನೊಬ್ಬರು ನಡುಕಟ್ಟಿ, ಮನಸ್ಸಿಲ್ಲದ ಕಡೆಗೆ ಕರೆದೊಯ್ಯುವರೆಂದು ಪುನರುತ್ಥಾನರಾದ ಪ್ರಭು ಪೇತ್ರನಿಗೆ ಹೇಳಿದರು. ಪೇತ್ರನ ಮರಣದ ಸೂಚನೆಯಾಗಿದ್ದ ಆ ಮಾತಿನ ಸ್ವಲ್ಪ ರುಚಿ ಎಲ್ಲ ಮುದುಕರಿಗೂ ಸಿಗುತ್ತದೆ. ಕೋಲು ಹಿಡಿದರೆ ಮಾನ ಹೋಗುತ್ತದೆಂದು ಹಟ ಮಾಡಿ ಬಿದ್ದವರನ್ನು ಕಂಡಿದ್ದೇನೆ. ಜಗದ್ಗುರು ಫ್ರಾನ್ಸಿಸ್‌ರವರು 2022ರ ಮೇ ತಿಂಗಳಿನಿಂದ ಗಾಲಿಕುರ್ಚಿಯಲ್ಲಿ ಜನರ ಮುಂದೆ ಬಂದರು. ಅದೇ ವರ್ಷ ಕೆನಡಾ ದೇಶಕ್ಕೂ ಹೋಗಿ ಬಂದರು. ಕುರ್ಚಿಗೆ ನಾಚಿ ಒಳಗೆ ಕೂತಿದ್ದರೆ ಆ ಪ್ರಯಾಣವಿರಲಿಲ್ಲ. ಕೋಲು, ಕನ್ನಡಕ, ಕಿವಿಯ ಯಂತ್ರ ಇವೆಲ್ಲ ಸ್ವಾತಂತ್ರ್ಯದ ಸಾಧನಗಳೇ. ಹಾಗೆಯೇ ಸಂಜೆಗಣ್ಣಿನಲ್ಲಿ ಹಳೇ ಮದರಾಸು ರಸ್ತೆಗೆ ಸ್ಕೂಟರು ತೆಗೆಯುವ ತಾತಂದಿರು ಕೀಲಿಯನ್ನು ಮೊಮ್ಮಗನಿಗೆ ಕೊಡುವುದು ಒಳ್ಳೆಯದು. ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ.

ಧರ್ಮಕೇಂದ್ರದ ಪಾಲೂ ಇದೆ. ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ವೃದ್ಧರ ವಿಶ್ವ ದಿನವನ್ನು ಸ್ಥಾಪಿಸಿ, ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬಕ್ಕೆ ಹತ್ತಿರವಾದ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಗೊತ್ತುಮಾಡಿದರು. ಆ ದಿನ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ (ಶಾಲಿನ ಕಥೆ ನನಗೆ ಗೊತ್ತಲ್ಲ!) ಉಳಿದ ಐವತ್ತೊಂದು ಭಾನುವಾರ ಅವರಿಗೊಂದು ಕೆಲಸ ಕೊಡೋಣ. ಹಳೆಯ ಉಪದೇಶಿಗಳು ಕಲಿಸಿದ ಜ್ಞಾನೋಪದೇಶ ಬಾಯಿಪಾಠ ಬರುವ ಅಜ್ಜಿಯರು ಪ್ರಥಮ ಪರಮಪ್ರಸಾದದ ಮಕ್ಕಳಿಗೆ ಜಪ ಕಲಿಸಬಹುದು. ಸಂತ ಪೌಲರು ತಿಮೊಥೇಯನ ವಿಶ್ವಾಸವನ್ನು ಹೊಗಳುವಾಗ ಅದು ಮೊದಲು ಅವನ ಅಜ್ಜಿ ಲೋವಿಯಲ್ಲಿತ್ತೆಂದು ನೆನೆಯುತ್ತಾರೆ. ಬಾಗಿಲಲ್ಲಿ ನಿಂತು ಬರುವವರನ್ನು ಸ್ವಾಗತಿಸಲು, ಬಲಿಪೀಠದ ಬಟ್ಟೆ ಮಡಿಸಲು, ಮಲಗಿದವರ ಮನೆಗೆ ಹೋಗಿ ಜಪಸರ ಹೇಳಲು ವಯಸ್ಸು ಅಡ್ಡಿಯಲ್ಲ.

ಮೊದಲು ಹೇಳಿದ ಆ ತಾಯಿಯ ಮನೆಯಲ್ಲಿ ಏನಾಯಿತೆಂದು ಕೇಳುವಿರಿ. ಕ್ರಿಸ್ತಜಯಂತಿಯ ಹೊತ್ತಿಗೆ ಸೊಗಡಿನ ಅವರೆ ಬಂತು. ಮೊಮ್ಮಗಳು ಒಂದು ಮೊರ ಅವರೆಕಾಯಿ ತಂದು ಅಜ್ಜಿಯ ಮುಂದಿಟ್ಟಳು. ಸುಲಿದರು, ನೆನೆಹಾಕಿದ ಕಾಳನ್ನು ಮರುದಿನ ಹಿತಕಿದರು. ಬೇಳೆ ತಕ್ಕಷ್ಟು ಆಗಿಲ್ಲವೆಂದು ಮೊಮ್ಮಗಳನ್ನೇ ಬೈದರಂತೆ. ಆಮೇಲೆ ಮಗ ಹಿತ್ತಲಿನಲ್ಲಿ ನಾಲ್ಕು ಕೋಳಿ ತಂದು ಬಿಟ್ಟ. ಕೋಳಿಗೆ ಕಾಳು ಹಾಕಲು ದಿನಕ್ಕೆ ನಾಲ್ಕಾರು ಸಲ ಎದ್ದು ಹೋಗಬೇಕು; ಹಿಡಿದುಕೊಳ್ಳಲು ಗೋಡೆಗೆ ಸರಳು ಹಾಕಿಸಿದ. ಪವಾಡವೇನೂ ನಡೆಯಲಿಲ್ಲ. ದೇವಾಲಯದವರೆಗೆ ನಡೆಯಲು ಇನ್ನೂ ಆಗುವುದಿಲ್ಲ. ಆದರೆ ಈಗ ಮೊದಲ ಶುಕ್ರವಾರ ನಾನು ಹೋದಾಗ ಅವರು ಬಾಗಿಲಲ್ಲೇ ಇರುತ್ತಾರೆ, ಹೊರಡುವಾಗ ಎರಡು ನಾಟಿ ಮೊಟ್ಟೆ ಕೈಗಿಡುತ್ತಾರೆ. ಬೇಡವೆನ್ನದೆ ತೆಗೆದುಕೊಳ್ಳುತ್ತೇನೆ.

ಈ ವಾರ ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ ಸಂತ ಮಾರ್ಕರ 10ನೇ ಅಧ್ಯಾಯದ ಕೊನೆಯ ಭಾಗವನ್ನು ಓದಿ. ಕುರುಡ ಬಾರ್ತಿಮಾಯನಿಗೆ ಏನು ಬೇಕೆಂಬುದು ಎಲ್ಲರಿಗೂ ಕಾಣುವಂತಿದ್ದರೂ ಯೇಸುಸ್ವಾಮಿ ಅವನನ್ನೇ ಕೇಳಿದರು. ಓದಿದ ಮೇಲೆ ಮನೆಯ ಹಿರಿಯರನ್ನು ನೀವೂ ಕೇಳಿ: ಯಾವ ಕೆಲಸವನ್ನು ನಾವು ನಿಮ್ಮಿಂದ ಸುಮ್ಮನೆ ಕಿತ್ತುಕೊಂಡೆವು? ಯಾವುದಕ್ಕೆ ನಿಜವಾಗಿ ನಮ್ಮ ಕೈ ಬೇಕು? ಉತ್ತರ ಬರುವುದು ತಡವಾಗಬಹುದು. ಕಾಯಿರಿ.

ಕೊನೆಯದಾಗಿ ರೋಗಿಗಳ ಅಭಿಷೇಕ ಸಂಸ್ಕಾರದ ಬಗ್ಗೆ. ಉಸಿರು ನಿಲ್ಲುವ ಹೊತ್ತಿಗೆ ಗುರುಗಳನ್ನು ಓಡಿ ಕರೆತರುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಇದು ಸಾಯುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿದೆ. ಗಂಭೀರ ಕಾಯಿಲೆ ಇಲ್ಲದಿದ್ದರೂ ವಯಸ್ಸಿನಿಂದ ಬಹಳ ಬಲಗುಂದಿದವರು ಇದನ್ನು ಪಡೆಯಬಹುದು, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಪಡೆಯಬಹುದು. ಎಚ್ಚರವಿರುವಾಗ, ತಾವೇ ಪ್ರಾರ್ಥನೆಗೆ ಉತ್ತರ ಕೊಡುವಾಗ ಪಡೆದರೆ ಅದರ ಸಾಂತ್ವನ ಹೆಚ್ಚು. ನಡೆಯಬಲ್ಲವರು ದೇವಾಲಯಕ್ಕೇ ಬರಲಿ. ಬರಲಾಗದವರ ಹೆಸರನ್ನು ಮನೆಯವರು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ. ತಿಳಿಸುವ ಮೊದಲು ಅವರನ್ನು ಒಮ್ಮೆ ಕೇಳಿ.